ಕೊರಿಯಾದ ಸಾಂಸ್ಕೃತಿಕ ಅನನ್ಯತೆಯನ್ನು ಬಿಂಬಿಸುವ ಸಾಂಪ್ರದಾಯಿಕ ಸಂಕೇತಗಳು ಮತ್ತು ಕಲೆಗಳು ಯಾವುವು?

ಮೊದಲು ಹೆಸರಿಸಬೇಕಾದದ್ದು ಲಿಪಿಯನ್ನೇ. ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್, ಚೀನೀ ಅಕ್ಷರಗಳನ್ನು ಕಲಿಯಲಾಗದ ಜನಸಾಮಾನ್ಯರಿಗಾಗಿ ಹುಟ್ಟಿದ ಲಿಪಿ. ಅದರ ಮೂಲ ವ್ಯಂಜನಗಳು ಉಚ್ಚಾರಣೆಯ ಅಂಗಗಳ ಆಕಾರವನ್ನೇ ಅನುಸರಿಸುತ್ತವೆ. ‘ಮ’ ಧ್ವನಿಯ ಅಕ್ಷರ ಬಾಯಿಯನ್ನು ಸೂಚಿಸುವ ಪುಟ್ಟ ಚೌಕ, ‘ನ’ ಧ್ವನಿಯದು ಮೇಲಕ್ಕೆ ತಾಗುವ ನಾಲಗೆಯ ಗೆರೆ. ಜಪಾನಿನ ಆಳ್ವಿಕೆಯ (1910–1945) ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಗಿಟ್ಟಾಗ, ಈ ಲಿಪಿಯನ್ನು ಉಳಿಸಿಕೊಳ್ಳುವುದು ಸ್ವಾಭಿಮಾನದ ಪ್ರಶ್ನೆಯಾಯಿತು.

ಕಲೆಗಳಲ್ಲಿ ನನ್ನ ಮಟ್ಟಿಗೆ ಅಗ್ರಸ್ಥಾನ ಪಾನ್ಸೋರಿಗೆ ಸಲ್ಲಬೇಕು. ಚಾಪೆಯ ಮೇಲೆ ಬೀಸಣಿಗೆ ಹಿಡಿದು ನಿಂತ ಒಬ್ಬರೇ ಕಲಾವಿದರು, ಪಕ್ಕದಲ್ಲಿ ಕುಳಿತ ಒಬ್ಬ ಡೋಲುವಾದಕರ ಜೊತೆಯಲ್ಲಿ, ಹಾಡು, ಮಾತು, ಅಭಿನಯಗಳನ್ನು ಬೆರೆಸಿ ಗಂಟೆಗಟ್ಟಲೆ ಕಥೆ ನಡೆಸುತ್ತಾರೆ; ಕೇಳುಗರೂ ನಡುನಡುವೆ ಉದ್ಗಾರಗಳಿಂದ ಅವರನ್ನು ಹುರಿದುಂಬಿಸುತ್ತಾರೆ. ಪಾನ್ಸೋರಿಯ ಹನ್ನೆರಡು ಕಥನಗಳಲ್ಲಿ ಇಂದು ಪೂರ್ಣವಾಗಿ ಉಳಿದಿರುವುದು ಐದೇ ಎಂಬುದು ನೋವಿನ ಸಂಗತಿ.

ದಕ್ಷಿಣ ಕೊರಿಯಾದ ಧ್ವಜದ ನಡುವಿನ ಕೆಂಪು-ನೀಲಿ ವೃತ್ತ ಯಿನ್-ಯಾಂಗ್ ಎಂಬ ಪರಸ್ಪರ ವಿರುದ್ಧವಾದರೂ ಪೂರಕವಾದ ಶಕ್ತಿಗಳ ಸಮತೋಲವನ್ನೂ, ಮೂಲೆಗಳ ಕಪ್ಪು ಪಟ್ಟಿಗಳು ಆಕಾಶ, ಭೂಮಿ, ನೀರು, ಬೆಂಕಿಗಳನ್ನೂ ಸೂಚಿಸುತ್ತವೆ. ಅಲ್ಲಿನ ರಾಷ್ಟ್ರಪುಷ್ಪ ಮುಗುಂಗ್ಹ್ವಾ ನಮ್ಮ ದಾಸವಾಳದ ಕುಲದ್ದೇ. ಹಬ್ಬ, ಮದುವೆಗಳಲ್ಲಿ ಉಡುವ ಹನ್‌ಬೊಕ್ ಉಡುಪು, ಹಸಿ ಜೇಡಿಯಲ್ಲಿ ಚಿತ್ತಾರ ಕೊರೆದು ಬೇರೆ ಬಣ್ಣದ ಮಣ್ಣು ತುಂಬಿ ಸುಡುವ ಗೊರ್ಯೊ ರಾಜವಂಶದ ಕಾಲದ (918–1392) ತಿಳಿಹಸಿರು ಪಿಂಗಾಣಿ ಇವೂ ಈ ಸಾಲಿಗೇ ಸೇರುತ್ತವೆ.