ಬಾಳೆಹಣ್ಣು ಬೇಡ, ಹುಣಸೆ ಬೀಜ ತಗೊಂಡು ಹೋಗಿ

ಪ್ರಿಯ ಸೋದರಿ,

ಮೈಸೂರಿನ ಕುವೆಂಪುನಗರದಿಂದ ನೀವು ಬರೆದ ಕಾಗದ ಸಿಕ್ಕಿತು. ಉಳಿದ ಓದುಗರಿಗಾಗಿ ಅದರಲ್ಲಿದ್ದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿನ ನಿಮ್ಮ ಮಗಳನ್ನು ಶಾಲೆಯವರು ಒಂದು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗಿದ್ದರು. ಮಕ್ಕಳು ಬಾಳೆಹಣ್ಣು, ಬ್ರೆಡ್ಡು ಹಂಚಿದರು, ಒಂದು ಹಾಡು ಹೇಳಿದರು, ಫೋಟೋ ತೆಗೆಸಿಕೊಂಡು ಬಸ್ ಹತ್ತಿದರು. ಅಷ್ಟರಲ್ಲೇ ಒಬ್ಬ ಅಜ್ಜಿ ನಿಮ್ಮ ಮಗಳ ಸಡಿಲವಾಗಿದ್ದ ಜಡೆ ಬಿಚ್ಚಿ ಮತ್ತೆ ಹೆಣೆದು ಕೊಟ್ಟರಂತೆ. ಅವತ್ತಿನಿಂದ "ಆ ಅಜ್ಜಿ ಹತ್ರ ಮತ್ತೆ ಯಾವಾಗ ಹೋಗೋದು?" ಅಂತ ಒಂದೇ ವರಾತ. ನಿಮಗೂ ಮನಸ್ಸಿದೆ. ಆದರೆ ಅತ್ತೆಯವರು "ಅಂಥ ಜಾಗಕ್ಕೆಲ್ಲ ಮಗೂನ ಕರ್ಕೊಂಡು ಹೋಗ್ಬೇಡ" ಅಂದಿದ್ದಾರೆ. ಹೋಗಬಹುದೇ, ಹೋದರೆ ಹೇಗೆ, ನಾಳೆ ಆ ಅಜ್ಜಿಗೆ ಏನಾದರೂ ಆದರೆ ಮಗಳಿಗೆ ಏನು ಹೇಳಲಿ ಅಂತ ಕೇಳಿದ್ದೀರಿ.

ಹೋಗಿ. ಆದರೆ ಒಂದೇ ಸಲ ಹೋಗುವುದಾದರೆ ಬೇಡ.

ಇದು ನಾನೇ ಮಾಡಿದ ತಪ್ಪಿನಿಂದ ಕಲಿತದ್ದು. ನನ್ನ ಮಗನ ಎಂಟನೇ ಹುಟ್ಟುಹಬ್ಬವನ್ನು ಒಂದು ವೃದ್ಧಾಶ್ರಮದಲ್ಲಿ ಮಾಡಿದೆವು. ದೊಡ್ಡ ಕೇಕ್ ಒಯ್ದಿದ್ದೆವು. ಸಕ್ಕರೆ ಕಾಯಿಲೆ ಅಂತ ಅರ್ಧಕ್ಕರ್ಧ ಜನ ಅದನ್ನು ಮುಟ್ಟಲೇ ಇಲ್ಲ, ಅದು ಬೇರೆ ಮಾತು. ಅಲ್ಲೊಬ್ಬ ತಾತ ಇದ್ದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ದುಡಿದವರು. ಜಾವಾ ಬೈಕಿನಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಮುಂದಕ್ಕೆ ತಿರುಗಿಸಿದರೆ ಗೇರ್ ಆಗುತ್ತದೆ ಅಂತ ಕೈಯಲ್ಲೇ ಆಡಿಸಿ ತೋರಿಸಿದರು. ಮಗ ಕೇಕ್ ಮರೆತು ಅವರ ಮಂಚದ ಮೇಲೇ ಕೂತುಬಿಟ್ಟ. ಹೊರಡುವಾಗ "ಮುಂದಿನ ಭಾನುವಾರ ಬರ್ತೀನಿ ತಾತ" ಅಂದ. ನಾನೂ ತಲೆ ಆಡಿಸಿದೆ.

ಮುಂದಿನ ಭಾನುವಾರ ಯಾವುದೋ ಮದುವೆ. ಆಮೇಲೆ ಪರೀಕ್ಷೆ. ಆಮೇಲೆ ನಮ್ಮ ವಿಶೇಷಾಂಕ. ನಾಲ್ಕು ತಿಂಗಳು ಬಿಟ್ಟು ಹೋದಾಗ ಗೇಟಿನವನು ಹೇಳಿದ: "ಮೂರು ಭಾನುವಾರ ಇಲ್ಲೇ ಕುರ್ಚಿ ಹಾಕಿಸ್ಕೊಂಡು ಕೂತಿದ್ರು ಸಾರ್. ಆಮೇಲೆ ಬಿಟ್ಬಿಟ್ರು." ತಾತ ಒಂದು ಮಾತೂ ಅನ್ನಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮಗನಿಗೆ ಅಂತ ಇಂಜಿನ್ ಚಿತ್ರ ಬರೆದಿಟ್ಟಿದ್ದರು, ದಿಂಬಿನ ಕೆಳಗಿಂದ ತೆಗೆದು ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದಕ್ಕೇ ಹೇಳುವುದು, ನಿಮ್ಮ ಕೈಲಾಗುವಷ್ಟೇ ಒಪ್ಪಿಕೊಳ್ಳಿ. ಹದಿನೈದು ದಿನಕ್ಕೊಂದು ಶನಿವಾರ, ಸಂಜೆ ನಾಲ್ಕು ಗಂಟೆ. ಮಧ್ಯಾಹ್ನದ ನಿದ್ದೆ ಮುಗಿದು ಕಾಫಿ ಬರುವ ಹೊತ್ತು ಅದು. ಮುಕ್ಕಾಲು ಗಂಟೆ ಸಾಕು. ಬರಲಾಗದ ವಾರ ಮೊದಲೇ ಫೋನ್ ಮಾಡಿ ಹೇಳಿ. ಗುಂಪು ಕಟ್ಟಿಕೊಂಡು ಹೋಗಬೇಡಿ. ನಲವತ್ತು ಮಕ್ಕಳು ನಲವತ್ತು ಅಜ್ಜಿಯರಿಗೆ ಕೈ ಬೀಸಿದರೆ ಯಾರಿಗೂ ಯಾರೂ ಸಿಗುವುದಿಲ್ಲ.

ಬೇರೆ ದೇಶಗಳಲ್ಲಿ ಇದನ್ನು ದಿನನಿತ್ಯದ ವ್ಯವಸ್ಥೆಯನ್ನೇ ಮಾಡಿಕೊಂಡಿದ್ದಾರೆ. ಅಮೆರಿಕದ ಸಿಯಾಟಲ್‌ನಲ್ಲಿ ಒಂದು ವೃದ್ಧಾಶ್ರಮದ ಒಳಗೇ 1991ರಿಂದ ಶಿಶುವಿಹಾರ ಇದೆ. ನೆದರ್ಲೆಂಡ್ಸ್‌ನ ಡೆವೆಂಟರ್ ಊರಿನಲ್ಲಿ ಕಾಲೇಜು ಹುಡುಗರಿಗೆ ವೃದ್ಧಾಶ್ರಮದಲ್ಲಿ ರೂಮು ಪುಕ್ಕಟೆ. ಬದಲಿಗೆ ಅವರು ತಿಂಗಳಿಗೆ 30 ಗಂಟೆ ಅಲ್ಲಿಯವರ ಜೊತೆ ಒಳ್ಳೇ ನೆರೆಹೊರೆಯವರ ಹಾಗೆ ಕಳೆಯಬೇಕು. ಗಮನಿಸಿ, ಸೇವೆ ಮಾಡಬೇಕು ಅಂತಲ್ಲ, ನೆರೆಯವರಾಗಿರಬೇಕು ಅಂತ.

ಈ 'ಸೇವೆ' ಅನ್ನುವ ಪದವೇ ನನಗೆ ಸ್ವಲ್ಪ ಕಿರಿಕಿರಿ. ಮಕ್ಕಳಿಗೆ ಮೊದಲೇ "ಪಾಪ, ಅವರಿಗೆ ಯಾರೂ ಇಲ್ಲ" ಅಂತ ಹೇಳಿಕೊಟ್ಟು ಕರೆದುಕೊಂಡು ಹೋಗುತ್ತೇವೆ. ಮೈಸೂರು ಪಿಂಚಣಿದಾರರ ಊರು. ಇಲ್ಲಿನ ಆಶ್ರಮಗಳಲ್ಲಿ ರಿಟೈರಾದ ಮೇಷ್ಟ್ರು, ನರ್ಸು, ಬ್ಯಾಂಕಿನವರು ಇರುತ್ತಾರೆ. ಮಕ್ಕಳು ಹೊರದೇಶದಲ್ಲಿದ್ದು, ಮೊಮ್ಮಕ್ಕಳ ಜೊತೆ ದಿನಾ ವಿಡಿಯೋ ಕಾಲ್ ಮಾಡುವವರೂ ಇದ್ದಾರೆ. ಮಕ್ಕಳು ಹೊರಗೆ ಹಾಕಿದ್ದರಿಂದ ಬಂದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಯಾರದು ಯಾವ ಕಥೆ ಅಂತ ಅವರಾಗಿ ಹೇಳುವವರೆಗೆ ನಾವು ಕೇಳಬಾರದು. ನಿಮ್ಮ ಮಗಳ ವಿಷಯದಲ್ಲಂತೂ ಕೊಟ್ಟವರು ಅಜ್ಜಿ, ಜಡೆ ಹಾಕಿಸಿಕೊಂಡವಳು ಇವಳು. ಅದನ್ನು ಹಾಗೇ ಬಿಡಿ.

ಹೋಗಿ ಏನು ಮಾಡುವುದು? ಸುಮ್ನೆ ಎದುರು ಕೂತು "ಚೆನ್ನಾಗಿದ್ದೀರಾ ಅಜ್ಜಿ" ಅಂದರೆ ಐದು ನಿಮಿಷಕ್ಕೆ ಮಾತು ಮುಗಿಯುತ್ತದೆ. ಕೈಗೆ ಕೆಲಸ ಬೇಕು. ನನ್ನ ಮಟ್ಟಿಗೆ ಚೌಕಾಬಾರಕ್ಕಿಂತ ಒಳ್ಳೇದು ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳ ಹುಚ್ಚು ಎಷ್ಟಿತ್ತೆಂದರೆ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೇ ಅವುಗಳ ಚಿತ್ರಗಳಿವೆ. ನಮಗೆ ಅಷ್ಟೆಲ್ಲ ಬೇಡ. ರಟ್ಟಿನ ಮೇಲೆ ಐದೈದರ ಇಪ್ಪತ್ತೈದು ಮನೆ ಬರೆಯಿರಿ. ಕಟ್ಟೆಗಳಿಗೆ, ಅಂದರೆ ಕಾಯಿ ಕಡಿಯಲಾಗದ ಮನೆಗಳಿಗೆ, ಅಡ್ಡಗೆರೆ ಹಾಕಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವ ಹಾಗೆ ಕಲ್ಲಿಗೆ ಉಜ್ಜಿದರಾಯಿತು. ಮಗಳಿಗೆ ಆಟ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಅಜ್ಜಿಯೇ ಕಲಿಸಲಿ. ಕಾಯಿ ಕಡಿಯುವಾಗ ಎಂಬತ್ತು ವರ್ಷದವರ ಕಣ್ಣಲ್ಲಿ ಬರುವ ಕಿಲಾಡಿತನ ಇದೆಯಲ್ಲ, ಅದನ್ನು ಮಕ್ಕಳು ನೋಡಬೇಕು. ಬೇಕಂತಲೇ ಸೋಲಬೇಡ ಅಂತ ಮಗಳಿಗೆ ಹೇಳಿಡಿ. ಅವರಿಗೆ ಗೊತ್ತಾಗಿಬಿಡುತ್ತದೆ.

ಒಂದು ವಿಷಯ ದೊಡ್ಡವರಿಗೇ ಗೊತ್ತಿರುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ದನಿಯನ್ನು. ಮಕ್ಕಳ ದನಿಯೇ ಅದು. ಹಾಗಾಗಿ ಮಗು ಮಾತಾಡಿದಾಗ ಅಜ್ಜಿ ಉತ್ತರ ಕೊಡದಿದ್ದರೆ ಕೋಪ ಅಂತಲ್ಲ, ಕೇಳಿಸಿಲ್ಲ ಅಷ್ಟೆ. ಕಿರುಚಿದರೆ ಇನ್ನೂ ಕೆಟ್ಟದ್ದು. ಎದುರಿಗೆ ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಲಿ. ಟಿವಿ ಆರಿಸಿ.

ಹಾಗೇ ನೆನಪಿನ ವಿಷಯ. ಬೆಳಿಗ್ಗೆ ಏನು ತಿಂದಿರಿ ಅಂತ ಕೇಳಿದರೆ ತಡಕಾಡುವವರು, ಹತ್ತನೇ ವಯಸ್ಸಿನಲ್ಲಿ ಮಂಡ್ಯದ ಆಲೆಮನೆಯಲ್ಲಿ ಬಿಸಿ ಬೆಲ್ಲ ನೆಕ್ಕಿ ನಾಲಿಗೆ ಸುಟ್ಟುಕೊಂಡದ್ದನ್ನು ಬಿಡಿಸಿ ಹೇಳುತ್ತಾರೆ. "ನನ್ನಷ್ಟಿದ್ದಾಗ ನೀವು ಏನು ಮಾಡ್ತಿದ್ರಿ?" ಅನ್ನುವ ಒಂದೇ ಪ್ರಶ್ನೆ ಒಂದು ವರ್ಷಕ್ಕೆ ಆಗುತ್ತದೆ. ಮರೆವಿನ ಕಾಯಿಲೆ ಇರುವವರಾದರೆ "ನಾನ್ ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬಾರದು. ಪ್ರತಿ ಸಲವೂ ಹೆಸರು ಹೇಳಿ ಶುರು ಮಾಡಲಿ. ಅಜ್ಜಿ ಅವಳನ್ನು ಬೇರೆ ಯಾವುದೋ ಹೆಸರಿನಿಂದ ಕರೆದರೂ ತಿದ್ದಲೇಬೇಕು ಅಂತೇನಿಲ್ಲ.

ಇನ್ನು ಸಣ್ಣಪುಟ್ಟದ್ದು. ಆಶ್ರಮದವರ ಒಪ್ಪಿಗೆ ಮೊದಲು. ಆ ಅಜ್ಜಿಯ ಒಪ್ಪಿಗೆಯೂ ಬೇಕು, ಅದನ್ನು ಯಾರೂ ಕೇಳುವುದಿಲ್ಲ ನೋಡಿ. ನೆಗಡಿ, ಕೆಮ್ಮು ಇದ್ದ ವಾರ ಹೋಗಬೇಡಿ, ನಮಗೆ ಮೂರು ದಿನದ ನೆಗಡಿ ಅವರಿಗೆ ಆಸ್ಪತ್ರೆ ಆಗಬಹುದು. ಎಲ್ಲರೂ ಕೂರುವ ಹಾಲಿನಲ್ಲೇ ಆಡಲಿ, ನೀವೂ ಅಲ್ಲೇ ಇರಿ. ಯಾರಾದರೂ ತಬ್ಬಿಕೊಳ್ಳಲು ಬಂದಾಗ ಮಗಳಿಗೆ ಇಷ್ಟವಿಲ್ಲದಿದ್ದರೆ ಕೈಮುಗಿದರೆ ಸಾಕು. ಅಲ್ಲಿ ಯಾರನ್ನೋ ಗದರುತ್ತಾರೆ, ಹೊಡೆಯುತ್ತಾರೆ ಅಂತ ಮಗಳು ಬಂದು ಹೇಳಿದರೆ ಸುಳ್ಳು ಅಂತ ತಳ್ಳಿಹಾಕಬೇಡಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಈಗ ನಿಮ್ಮ ಅತ್ತೆಯವರ ಮಾತು. ಅವರದ್ದು ಮೂಢನಂಬಿಕೆ ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುತ್ತಿಲ್ಲ. ಸೊಸೆ ಮೊಮ್ಮಗಳನ್ನು ಕರೆದುಕೊಂಡು ವೃದ್ಧಾಶ್ರಮಕ್ಕೆ ಓಡಾಡಲು ಶುರು ಮಾಡಿದರೆ, ಎಪ್ಪತ್ತರ ಹೆಂಗಸಿನ ಮನಸ್ಸಿನಲ್ಲಿ ಏನು ಬರಬಹುದು ಯೋಚಿಸಿ. ಜಾಗ ನೋಡಿಕೊಂಡು ಬರಲು ಹೋಗುತ್ತಿದ್ದಾಳೆ ಅಂತ ಅನ್ನಿಸದೆ ಇರುತ್ತದೆಯೇ? ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಜೊತೆಗೆ, ಮನೆಯಲ್ಲೇ ಒಬ್ಬ ಅಜ್ಜಿ ಇರುವಾಗ ಹೊರಗಿನ ಅಜ್ಜಿಯ ಹತ್ತಿರ ಜಡೆ ಹಾಕಿಸಿಕೊಂಡು ಬಂದಳಲ್ಲ ಅನ್ನುವ ಚುರುಕೂ ಇರಬಹುದು. ಅವರ ಹತ್ತಿರ ವಾದ ಬೇಡ. ಚೌಕಾಬಾರದ ಲೆಕ್ಕ ಮೊದಲು ಅವರಿಂದಲೇ ಮಗಳು ಕಲಿಯಲಿ. ದಸರೆಗೆ ಮನೆಯಲ್ಲಿ ಗೊಂಬೆ ಕೂರಿಸುತ್ತೀರಲ್ಲ, ಓಡಾಡುವ ಶಕ್ತಿ ಇದ್ದರೆ ಆ ಅಜ್ಜಿಯನ್ನು ಒಂದು ಸಂಜೆ ಗೊಂಬೆ ನೋಡಲು ಕರೆಯಿರಿ. ಅರಿಶಿನ ಕುಂಕುಮ ನಿಮ್ಮ ಅತ್ತೆಯವರೇ ಕೊಡಲಿ, ಅಲ್ವಾ? ಒಂದು ವೇಳೆ ಆ ಅಜ್ಜಿ ಗಂಡನನ್ನು ಕಳೆದುಕೊಂಡವರಾಗಿದ್ದರೂ ಕೊಡಲಿ. ಇದು ನನ್ನ ಅಭಿಪ್ರಾಯ, ಬೈದು ಬರೆಯುವವರು ಬರೆಯಬಹುದು.

ಕೊನೆಯ ಪ್ರಶ್ನೆ. ಅಜ್ಜಿ ತೀರಿಕೊಂಡರೆ "ಊರಿಗೆ ಹೋದರು" ಅನ್ನಬೇಡಿ, ಮಗಳು ವಾಪಸ್ ಬರುವುದನ್ನು ಕಾಯುತ್ತಾಳೆ. ತೀರಿಕೊಂಡರು ಅಂತಲೇ ಹೇಳಿ, ಅಳಲು ಬಿಡಿ. ನಮ್ಮ ಜಾವಾ ತಾತ ಹೋದಾಗ ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಆ ಕ್ಯಾಲೆಂಡರ್ ಹಾಳೆಗೆ ಫ್ರೇಮ್ ಹಾಕಿಸು ಅಂದ. ಅದಕ್ಕೆ ಮುಂಚೆ ಎರಡು ವರ್ಷ, ತಿಂಗಳಿಗೆ ಎರಡು ಭಾನುವಾರ, ನಾವು ತಪ್ಪಿಸಿರಲಿಲ್ಲ.

ಅಂದ ಹಾಗೆ, ಆಟಕ್ಕೆ ಬೇಕಾದದ್ದು ನಾಲ್ಕೇ ಹುಣಸೆ ಬೀಜ. ನೀವು ಆರು ಉಜ್ಜಿಟ್ಟುಕೊಳ್ಳಿ. ಒಂದೆರಡು ಮಂಚದ ಕೆಳಗೆ ಹೋಗೇ ಹೋಗುತ್ತವೆ.

— ಸಂಪಾದಕ