ಪಕ್ಕದ ಹಾಸಿಗೆಯಿಂದ ಶಿಲೀಂಧ್ರ ಹರಡೀತೇ?

ಮೂಡಿಗೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ರಕ್ತದ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿರುವ ಅವರ ತಮ್ಮನಿಗೆ ಆಸ್ಪತ್ರೆಯಲ್ಲಿರುವಾಗಲೇ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಸೋಂಕು ತಗುಲಿದೆ. ಪಕ್ಕದ ಹಾಸಿಗೆಯಲ್ಲಿದ್ದ ಕಪ್ಪು ಶಿಲೀಂಧ್ರದ ರೋಗಿಯಿಂದಲೇ ಅದು ಬಂದಿತೆಂದು ಮನೆಯವರು ನಂಬಿದ್ದಾರೆ. ತಮಗೂ ಅಂಟೀತೆಂಬ ಭಯದಿಂದ ನೆಂಟರು ನೋಡಲು ಬರುವುದನ್ನೇ ಬಿಟ್ಟಿದ್ದಾರೆ.

ಮಾನ್ಯರೇ, ಪಕ್ಕದ ಹಾಸಿಗೆಯವರ ಮೇಲಿನ ಆರೋಪವನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. 2021ರ ಕೋವಿಡ್ ಅಲೆಯಲ್ಲಿ ನಮ್ಮನ್ನೆಲ್ಲ ಕಂಗೆಡಿಸಿದ ಕಪ್ಪು ಶಿಲೀಂಧ್ರವೇ ಬೇರೆ, ನಿಮ್ಮ ತಮ್ಮನ ಶ್ವಾಸಕೋಶದಲ್ಲಿರುವುದೇ ಬೇರೆ. ಎರಡೂ ಒಬ್ಬರ ಉಸಿರಿನಿಂದ ಇನ್ನೊಬ್ಬರಿಗೆ ಹರಡುವಂಥವಲ್ಲ. ಆಸ್ಪರ್ಜಿಲಸ್‌ನ ಎರಡು ಮೂರು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಬೀಜಕಣಗಳನ್ನು ನಾವೆಲ್ಲರೂ ದಿನವೂ ಉಸಿರಾಡುತ್ತೇವೆ. ಆರೋಗ್ಯವಂತರಲ್ಲಿ ರಕ್ಷಣಾ ಕಣಗಳು ಅವನ್ನು ಅಲ್ಲಿಯೇ ಮುಗಿಸುತ್ತವೆ. ಕೀಮೋ ನಂತರ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆ ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿಳಿದು ಬಹುದಿನ ಹಾಗೆಯೇ ಉಳಿದರೆ, ಅದೇ ಬೀಜಕಣ ಶ್ವಾಸಕೋಶದಲ್ಲಿ ಬೇರೂರುತ್ತದೆ.

ಆದ್ದರಿಂದ ನೀವು ವಿಚಾರಿಸಬೇಕಾದುದು ಗಾಳಿಯ ಬಗ್ಗೆ. ವಾರ್ಡಿನ ಹತ್ತಿರ ಗೋಡೆ ಒಡೆಯುವ, ಛಾವಣಿ ಬಿಚ್ಚುವ ಕೆಲಸ ನಡೆದಿದೆಯೇ? ನಡೆದಿದ್ದರೆ ಧೂಳು ಒಳಬಾರದಂತೆ ತಡೆ ಕಟ್ಟಿದ್ದಾರೆಯೇ? ಕಟ್ಟಡ ಕಾಮಗಾರಿಯ ಧೂಳಿನಿಂದ ಇಂಥ ಸೋಂಕು ಹಲವು ರೋಗಿಗಳಿಗೆ ಒಟ್ಟಿಗೇ ತಗುಲಿದ ಪ್ರಸಂಗಗಳು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ದಾಖಲಾಗಿವೆ. ಅಸ್ಥಿಮಜ್ಜೆ ಕಸಿಯ ಕೊಠಡಿಗಳಲ್ಲಿ 0.3 ಮೈಕ್ರಾನ್ ಕಣಗಳನ್ನೂ ಶೇ. 99.97ರಷ್ಟು ಹಿಡಿಯುವ, ಗಾಳಿ ಸೋಸುವ ಹೆಪಾ ಫಿಲ್ಟರ್ ಅಳವಡಿಸುವುದು ಈ ಕಾರಣಕ್ಕೇ. ಈ ಪ್ರಶ್ನೆ ಕೇಳುವುದು ಜಗಳವಲ್ಲ, ರೋಗಿಯ ಕಡೆಯವರ ಹಕ್ಕು.

ರೋಗಿಯಿಂದ ರೋಗಿಗೆ ದಾಟುವ ಶಿಲೀಂಧ್ರ ಇಲ್ಲವೆಂದಲ್ಲ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಗುರುತಿಸಲಾದ ಕ್ಯಾಂಡಿಡಾ ಆರಿಸ್ ಅಂಥದ್ದು. ಅದು ಸಾಗುವುದು ಗಾಳಿಯಲ್ಲಲ್ಲ, ಕೈಯಿಂದ ಮತ್ತು ಸಲಕರಣೆಗಳಿಂದ. ಮಂಚದ ಸರಳು, ಬಿ.ಪಿ. ಪಟ್ಟಿ, ಥರ್ಮಾಮೀಟರುಗಳ ಮೇಲೆ ವಾರಗಟ್ಟಲೆ ಬದುಕುವ ಇದು, ಯಾವ ಲಕ್ಷಣವೂ ಇಲ್ಲದವರ ಚರ್ಮದ ಮೇಲೂ ನೆಲೆಸಿರಬಲ್ಲದು. ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯ ಮೂಲಕ ರಕ್ತಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಸಾಮಾನ್ಯವಾಗಿ ಬಳಸುವ ಫ್ಲುಕೊನಜೋಲ್ ಔಷಧಿಗೆ ಇದು ಹೆಚ್ಚಾಗಿ ಬಗ್ಗುವುದಿಲ್ಲ. ನೆಲ ಒರೆಸುವ ಕೆಲವು ಸಾಮಾನ್ಯ ದ್ರಾವಣಗಳೂ ಇದಕ್ಕೆ ಸಾಲವು, ಕ್ಲೋರಿನ್ ಆಧಾರಿತ ದ್ರಾವಣದಂಥದ್ದು ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಶಿಲೀಂಧ್ರಗಳ ಪಟ್ಟಿಯಲ್ಲಿ ಇದನ್ನೂ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಅನ್ನೂ ಅತ್ಯಂತ ಗಂಭೀರ ಗುಂಪಿನಲ್ಲಿಯೇ ಇರಿಸಿದೆ.

ಮನೆಗೆ ಮರಳಿದ ಮೇಲೆ ನಿಮ್ಮ ತಮ್ಮನಿಗೆ ನಮ್ಮ ಮಲೆನಾಡಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಕೊಳೆಯುವ ಸೊಪ್ಪು, ಗೊಬ್ಬರದ ಗುಂಡಿ, ಕಾಫಿ ಸಿಪ್ಪೆಯ ರಾಶಿ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಗೋಡೆ, ಇವೆಲ್ಲ ಶಿಲೀಂಧ್ರದ ತವರು. ವೈದ್ಯರು ಹೇಳುವವರೆಗೆ ಅವರು ಕಾಫಿ ಒಣಗಿಸುವ ಕಣದ ಕಡೆಗಾಗಲಿ ತೋಟದ ಕೆಲಸಕ್ಕಾಗಲಿ ಹೋಗಬಾರದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನೆಂಟರು ಧಾರಾಳವಾಗಿ ನೋಡಲು ಬರಲಿ. ನೆಗಡಿ ಕೆಮ್ಮು ಇದ್ದವರು ಮಾತ್ರ ಗುಣವಾಗುವವರೆಗೆ ತಡೆಯಲಿ, ಉಳಿದವರು ಕೈ ತೊಳೆದುಕೊಂಡು ಹತ್ತಿರ ಕೂರಲಿ.

– ಸಂಪಾದಕ