ಗಂಭೀರ ಕಾದಂಬರಿ ತರುವ ಸ್ವತಂತ್ರ ಪ್ರಕಾಶನಗಳು ಪತ್ತೇದಾರಿಯನ್ನೂ ಯಾಕೆ ತರುತ್ತವೆ?

ಮೊದಲ ಕಾರಣ ದುಡ್ಡು. ಸ್ವತಂತ್ರ ಪ್ರಕಾಶನದ ಬೆನ್ನಿಗೆ ದೊಡ್ಡ ಕಂಪನಿ ಇರುವುದಿಲ್ಲ. ಗಂಭೀರ ಕಾದಂಬರಿ ನಿಧಾನಕ್ಕೆ ಖರ್ಚಾಗುತ್ತದೆ, ಎಷ್ಟೋ ಸಲ ಅಚ್ಚಿನ ಖರ್ಚೂ ಗಿಟ್ಟುವುದಿಲ್ಲ. ಪತ್ತೇದಾರಿ ಓದುಗರು ಹಾಗಲ್ಲ. ಒಬ್ಬ ಇನ್‌ಸ್ಪೆಕ್ಟರ್ ಹಿಡಿಸಿಬಿಟ್ಟರೆ ಅವನ ಮುಂದಿನ ಕೇಸಿಗೆ ಕಾಯುತ್ತಾರೆ, ಹಳೆಯ ಭಾಗಗಳನ್ನೂ ಹುಡುಕಿ ಕೊಳ್ಳುತ್ತಾರೆ. ಹಳೇ ಪುಸ್ತಕ ಮತ್ತೆ ಮತ್ತೆ ಅಚ್ಚಾಗುತ್ತಿದ್ದರೆ ಸಣ್ಣ ಪ್ರಕಾಶಕರಿಗೆ ಅದೇ ಉಸಿರು.

ಇಟಲಿಯ ಸೆಲ್ಲೇರಿಯೊ ಪ್ರಕಾಶನ ನೋಡಿ. ಎಲ್ವಿರಾ ಮತ್ತು ಎಂಜೊ ಸೆಲ್ಲೇರಿಯೊ ದಂಪತಿ 1969ರಲ್ಲಿ ಸಿಸಿಲಿಯ ಪಲೆರ್ಮೊದಲ್ಲಿ ಶುರು ಮಾಡಿದ್ದು. ಕೈಗೆ ಹಗುರಾದ ಪುಟ್ಟ ಅಳತೆ, ಕಡುನೀಲಿ ಮುಖಪುಟ. ಅಂಗಡಿಯಲ್ಲಿ ದೂರದಿಂದಲೇ ಗುರುತು ಸಿಗುತ್ತದೆ. 1994ರಲ್ಲಿ ಆಂದ್ರೆಯಾ ಕಮಿಲ್ಲೇರಿಯವರ ಇನ್‌ಸ್ಪೆಕ್ಟರ್ ಮೊಂಟಾಲ್ಬಾನೊ ಬಂದದ್ದೂ ಅದೇ ನೀಲಿ ಮಾಲೆಯಲ್ಲೇ. ಲೇಖಕರಿಗಾಗಲೇ 70ರ ಹತ್ತಿರ ವಯಸ್ಸು! ಆ ಸರಣಿ ಲಕ್ಷಗಟ್ಟಲೆ ಮಾರಾಟವಾಯಿತು. ನನಗೆ ತುಂಬಾ ಇಷ್ಟವಾಗುವುದು ಇದು: ಪತ್ತೇದಾರಿ ಅಂತ ಅದನ್ನು ಬೇರೆ ಪಂಕ್ತಿಯಲ್ಲಿ ಕೂರಿಸಲಿಲ್ಲ.

ಹಾಗಂತ ಸುಮ್ನೆ ದುಡ್ಡಿಗಾಗಿ ಮಾತ್ರ ತರುತ್ತಾರೆ ಅಂದುಕೊಳ್ಳಬೇಡಿ. ಕೊಲೆಯ ಜಾಡು ಹಿಡಿದವನು ಬಂಗಲೆಗೂ ಹೋಗಬೇಕು, ಗುಡಿಸಲಿಗೂ ಹೋಗಬೇಕು. ಒಂದು ಊರಿನ ಒಳಗನ್ನು ತೋರಿಸುವುದಕ್ಕೆ ಅದು ಒಳ್ಳೆಯ ದಾರಿ ಅಲ್ವಾ?